ಒಳಾಂಗಣ ಅಂಕಣಕ್ಕೆ ಯಾವ ನೆಲ?

ಪ್ರಶ್ನೆ: ಕಲಬುರಗಿಯ ನಮ್ಮ ಬಡಾವಣೆಯಲ್ಲಿ ಒಳಾಂಗಣ ಬ್ಯಾಡ್ಮಿಂಟನ್ ಅಂಕಣ ಕಟ್ಟುವ ಮಾತು ನಡೆದಿದೆ. ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದರೆ ಸಾಲದೇ?

ಉತ್ತರ: ಶಹಾಬಾದ್ ಕಲ್ಲು ಮನೆಯಂಗಳಕ್ಕೆ ಚೆಂದ, ಆಟಕ್ಕೆ ಖಂಡಿತ ಬೇಡ. ಜಿಗಿದು ಇಳಿದಾಗಿನ ಹೊಡೆತವೆಲ್ಲ ಮಂಡಿ, ಹಿಮ್ಮಡಿಗೇ ಬೀಳುತ್ತದೆ. ಬೆವರು ಹನಿದರೆ ಜಾರುತ್ತದೆ. ರಬ್ಬರ್ ಪ್ಯಾಡ್, ಅದರ ಮೇಲೆ ಮರದ ಪಟ್ಟಿ, ಹಲಗೆ, ಕೊನೆಗೆ ವಿನೈಲ್ ಮ್ಯಾಟ್ ಹಾಕಿಸಿ.

ಆದರೆ ಕೆಲಸ ಕೆಡುವುದು ಹೆಚ್ಚಾಗಿ ಅಡಿಯಲ್ಲೇ. ನಮ್ಮ ಕಡೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರ ಕಾಂಕ್ರೀಟ್ ಸುರಿದರೆ ನೆಲವೂ ಬಿರುಕು ಬಿಡುತ್ತದೆ. ಎರೆಮಣ್ಣು ತೆಗೆಸಿ, ಗರಸು ತುಂಬಿಸಿ, ಪದರ ಪದರಕ್ಕೂ ನೀರು ಹಾಕಿ ರೋಲರ್ ಓಡಿಸಬೇಕು. ಕಾಂಕ್ರೀಟಿನ ಕೆಳಗೆ ಪಾಲಿಥೀನ್ ಹಾಳೆ ಇರಲೇಬೇಕು. ಇಲ್ಲದಿದ್ದರೆ ತೇವ ಮೇಲೇರಿ ಹಲಗೆಯ ಅಂಚು ಎದ್ದು ನಿಲ್ಲುತ್ತದೆ.

ಮರ ಕೂರಿಸುವ ಮೊದಲು ನೀವೇ ಪರೀಕ್ಷಿಸಿ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಾಂಕ್ರೀಟಿನ ಮೇಲೆ ಹರಡಿ, ನಾಲ್ಕೂ ಅಂಚಿಗೆ ಟೇಪ್ ಬಿಗಿದು 16 ಗಂಟೆ ಬಿಡಿ. ಒಳಗೆ ನೀರಿನ ಹನಿ ಕಂಡರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಇನ್ನೂ ಒಣಗಿಲ್ಲ. ಗುತ್ತಿಗೆದಾರರು ಎಷ್ಟೇ ಅವಸರ ಮಾಡಿದರೂ ಒಪ್ಪಬೇಡಿ.

ಅಂಕಣದ ಅಳತೆ 13.40 x 6.10 ಮೀಟರ್, ಸುತ್ತ 2 ಮೀಟರ್ ಜಾಗ ಬಿಡಿಸಿ. ಛಾವಣಿ 9 ಮೀಟರಿಗಿಂತ ತಗ್ಗಾಗದಿರಲಿ. ತಗಡಿನ ಛಾವಣಿಯಾದರೆ ಕೆಳಗೆ ಶಾಖನಿರೋಧಕ ಪದರ ಬೇಕೇಬೇಕು, ಇಲ್ಲಿನ ಮೇ ತಿಂಗಳ ಮಧ್ಯಾಹ್ನ ಒಳಗೆ ನಿಲ್ಲಲಾಗದು. ದೀಪಗಳನ್ನು ಅಂಕಣದ ನೆತ್ತಿಯ ಮೇಲಲ್ಲ, ಎರಡೂ ಬದಿಗೆ ಹಾಕಿಸಿ. ತಲೆಯೆತ್ತಿದಾಗ ಕಣ್ಣು ಕೋರೈಸಿದರೆ ಶಟಲ್ ಕಾಣುವುದೇ ಇಲ್ಲ.