ಅಪ್ಪ ಮಾತು ಬಿಟ್ಟಿದ್ದಾರೆ

ಪ್ರಶ್ನೆ: ಅಮ್ಮ ತೀರಿಕೊಂಡು 8 ತಿಂಗಳಾಯಿತು. ಶಿಡ್ಲಘಟ್ಟದ ಬಳಿ ರೇಷ್ಮೆ ಬೆಳೆಯುವ ಅಪ್ಪ ಈಗ ಹುಳು ಮನೆಯತ್ತ ಸುಳಿಯುವುದಿಲ್ಲ. ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಗೋಡೆಗೆ ಒರಗಿಯೇ ಇವೆ. ಮಾತಿಲ್ಲ, ರಾತ್ರಿ ಮೂರಕ್ಕೇ ಎದ್ದು ಕೂರುತ್ತಾರೆ. ‘ವಯಸ್ಸಾಯಿತು, ಬಿಡು’ ಎನ್ನುತ್ತಾನೆ ಅಣ್ಣ. ಏನು ಮಾಡಲಿ?

ಉತ್ತರ: ಆ ಚಂದ್ರಿಕೆಗಳು ನಿಮ್ಮ ಕಣ್ಣಿಗೆ ಬಿದ್ದದ್ದೇ ದೊಡ್ಡದು, ತಾಯಿ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಚಂದ್ರಿಕೆಗೆ ಬಿಡುವಾಗ ಮನೆಮಂದಿಯೆಲ್ಲ ಕೈಜೋಡಿಸುತ್ತಾರೆ; ನಿಮ್ಮಮ್ಮನಿಲ್ಲದ ಆ ಕೋಣೆಗೆ ಕಾಲಿಡುವುದು ಅವರಿಗೆ ಎಷ್ಟು ಕಷ್ಟವಿರಬೇಕು! ದುಃಖ ಕಾಯಿಲೆಯಲ್ಲ. ಆದರೆ ಬೇಸರ, ನಿರಾಸಕ್ತಿಗಳು ಎರಡು ವಾರಕ್ಕೂ ಮೀರಿ ದಿನವಿಡೀ ಕಾಡಿ, ನಿದ್ದೆ ಕೆಟ್ಟು, ಊಟ ಸೇರದೆ ಹೋದರೆ ಅದು ಖಿನ್ನತೆಯಿರಬಹುದು. ಅದಕ್ಕೆ ವಯಸ್ಸಿನ ಹೆಸರಿಟ್ಟು ಸುಮ್ಮನಾಗುವುದು ತಪ್ಪು, ಏಕೆಂದರೆ ಚಿಕಿತ್ಸೆಯಿಂದ ಹಿರಿಯರೂ ಚೇತರಿಸಿಕೊಳ್ಳುತ್ತಾರೆ. ಥೈರಾಯ್ಡ್ ತೊಂದರೆ, ಬಿ12 ಕೊರತೆಗಳೂ ಹೀಗೇ ಕಾಣಿಸಬಹುದಾದ್ದರಿಂದ ರಕ್ತಪರೀಕ್ಷೆ ಮಾಡಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಹಗಲಿರುಳೆನ್ನದೆ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ‘ಬದುಕು ಸಾಕು’ ಎಂದರೆ ಮಾತ್ರ ಅವರನ್ನು ಒಂಟಿಯಾಗಿ ಬಿಡಬೇಡಿ, ತೋಟಕ್ಕೆ ಹೊಡೆಯುವ ಔಷಧಿಗೆ ಬೀಗ ಹಾಕಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಣ್ಣನನ್ನೂ ಜೊತೆಗೆ ಕರೆಯಿರಿ. ಸಂಜೆ ಅಪ್ಪನ ಪಕ್ಕ ಕುಳಿತು ಅಮ್ಮನ ಮಾತೆತ್ತಿ. ಅವರು ಅತ್ತರೆ ಅಳಲಿ, ತಡೆಯಬೇಡಿ.