ಕೈಗೆ ಸಿಗದ ಬಟನ್ನು

(ದಿನಬಳಕೆಯ ವಸ್ತುಗಳ ವಿನ್ಯಾಸ ಕುರಿತ ಓದುಗರ ಪ್ರಶ್ನೆಗಳಿಗೆ, 22 ವರ್ಷ ಗೃಹೋಪಯೋಗಿ ಯಂತ್ರಗಳ ಕಂಟ್ರೋಲ್ ಪ್ಯಾನಲ್ ರೂಪಿಸಿದ ವಿನ್ಯಾಸಕಿಯ ಉತ್ತರ)

ಪ್ರಶ್ನೆ: ನಮ್ಮ ಹೊಸ ವಾಷಿಂಗ್ ಮೆಷಿನ್‌ನಲ್ಲಿ ಬಟನ್ನೇ ಇಲ್ಲ, ಬರೀ ಕಪ್ಪು ಗಾಜು. ಅಮ್ಮನ ಕಣ್ಣು ಮಂಜಾಗಿದೆ, ಎಲ್ಲಿ ಒತ್ತಬೇಕೆಂದು ತಿಳಿಯುವುದಿಲ್ಲ. ನಾನೇ ಎರಡು ಕಡೆ ನೇಲ್ ಪಾಲಿಶ್ ಚುಕ್ಕೆ ಇಟ್ಟುಕೊಟ್ಟಿದ್ದೇನೆ. ಯಂತ್ರಕ್ಕೇನೂ ಆಗುವುದಿಲ್ಲ ತಾನೆ? ಅಲ್ಲಾ, ಎಲ್ಲ ಕಂಪನಿಗಳೂ ಈ ಗಾಜಿನ ಹಿಂದೆ ಬಿದ್ದಿರುವುದಾದರೂ ಯಾಕೆ?

ಉತ್ತರ: ಏನೂ ಆಗುವುದಿಲ್ಲ. ಆ ಗಾಜಿನ ಹಿಂದೆ ಸಣ್ಣ ವಿದ್ಯುತ್ ಕ್ಷೇತ್ರವಿರುತ್ತದೆ, ಬೆರಳು ಹತ್ತಿರ ಬಂದಾಗ ಅದರಲ್ಲಾಗುವ ಬದಲಾವಣೆಯನ್ನು ಯಂತ್ರ ಗುರುತಿಸುತ್ತದೆ. ಒಂದು ಪದರ ನೇಲ್ ಪಾಲಿಶ್ ಅದಕ್ಕೆ ಅಡ್ಡಿಯಲ್ಲ. ಆದರೆ ಚುಕ್ಕೆಯ ಜಾಗ ಬದಲಿಸಿ. ಒತ್ತುವ ಜಾಗದ ಮೇಲಲ್ಲ, ಅದರಿಂದ ಒಂದು ಬೆರಳಗಲ ಕೆಳಗೆ, ಬೇರೆ ಗುರುತಿಲ್ಲದ ಕಡೆ ಇಡಿ. ಬೆರಳಿಗೆ ತಾಕುವಷ್ಟು ದಪ್ಪವಾಗಲು ಎರಡು ಮೂರು ಸಲ ಒಣಗಿಸಿ ಹಚ್ಚಿ. ಶುರುಮಾಡುವ ಕಡೆ ಒಂದು ಚುಕ್ಕೆ, ನಿಲ್ಲಿಸುವ ಕಡೆ ಎರಡು. ಅಮ್ಮ ಮೊದಲು ಚುಕ್ಕೆ ಹುಡುಕಲಿ, ಆಮೇಲೆ ಬೆರಳು ಮೇಲಕ್ಕೆ ಜರುಗಿಸಲಿ.

ಯಾಕೆ ಹೀಗೆ ಅಂದರೆ, ನಿಜವಾದ ಬಟನ್ ಇರುವಾಗ ನಾವು ಎರಡು ಕೆಲಸ ಮಾಡುತ್ತೇವೆ. ಮೊದಲು ತಡವಿ ನೋಡುತ್ತೇವೆ, ಇದೇ ಎಂದು ಖಾತ್ರಿಯಾದ ಮೇಲೆ ಅದುಮುತ್ತೇವೆ. ಗಾಜಿನ ಮೇಲೆ ಈ ಎರಡೂ ಒಂದೇ. ತಡವಿದರೆ ಒತ್ತಿದ ಹಾಗೆಯೇ. ಕಣ್ಣು ಚೆನ್ನಾಗಿರುವವರಿಗೆ ಇದು ಗೊತ್ತೇ ಆಗುವುದಿಲ್ಲ, ಕಣ್ಣೇ ತಡವುವ ಕೆಲಸ ಮಾಡಿ ಮುಗಿಸಿರುತ್ತದೆ. ನಿಮ್ಮ ಅಮ್ಮನಿಗೆ ಉಳಿದಿದ್ದ ಆ ಒಂದು ದಾರಿಯನ್ನು ಗಾಜು ಮುಚ್ಚಿಬಿಟ್ಟಿತು.

ಕಂಪನಿಗಳಿಗೆ ತಲೆ ಕೆಟ್ಟಿಲ್ಲ. ಗಾಜಿನಲ್ಲಿ ತೂತಿಲ್ಲ, ನೀರಿಳಿಯುವುದಿಲ್ಲ, ಒಂದು ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಒಂದೇ ಪ್ಯಾನಲನ್ನು ಹತ್ತು ಮಾದರಿಗಳಿಗೆ ಹಾಕಿ, ಒಳಗಿನ ಸಾಫ್ಟ್‌ವೇರ್ ಮಾತ್ರ ಬದಲಿಸಬಹುದು. ಈ ಎಲ್ಲ ವಾದವನ್ನೂ ಮೀಟಿಂಗುಗಳಲ್ಲಿ ನಾನೇ ಮಂಡಿಸಿದ್ದೇನೆ, ಈಗ ಹೇಳಿಕೊಳ್ಳಲು ಸಂಕೋಚ. ಗಾಳಿ ಸ್ವಲ್ಪ ತಿರುಗಿದ ಹಾಗಿದೆ. ಯುರೋಪಿನಲ್ಲಿ ಹೊಸ ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆ 2026ರ ನಿಯಮಗಳಲ್ಲಿ ಇಂಡಿಕೇಟರ್, ಹಜಾರ್ಡ್ ಲೈಟ್, ವೈಪರ್, ಹಾರ್ನ್, ತುರ್ತು ಕರೆ ಇವಕ್ಕೆ ಕೈಗೆ ಸಿಗುವ ಪ್ರತ್ಯೇಕ ಬಟನ್ ಅಥವಾ ಕಡ್ಡಿ ಇದ್ದರೆ ಅಂಕ ಎಂದಿದೆ. ರಸ್ತೆಯಿಂದ ಕಣ್ಣು ತೆಗೆದು ಪರದೆ ನೋಡುವುದು ಅಪಾಯ ಎಂಬುದು ಅವರ ಕಾರಣ. ವಾಷಿಂಗ್ ಮೆಷಿನ್ ಯಾರಿಗೂ ಗುದ್ದುವುದಿಲ್ಲವಲ್ಲ, ಹಾಗಾಗಿ ಅಮ್ಮನ ಸರದಿ ಬರುವುದು ತಡ.

ಗಾಜು ತಡವಾಗಿ ಉತ್ತರ ಕೊಡುತ್ತದೆಯೇ ಎಂಬುದನ್ನೂ ಗಮನಿಸಿ. ಒತ್ತಿದ ಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ, ಅಂದರೆ 0.1 ಸೆಕೆಂಡಿನಲ್ಲಿ, ಬೆಳಕೋ ಸದ್ದೋ ಬಂದರೆ ‘ನಾನು ಒತ್ತಿದೆ, ಆಯಿತು’ ಎಂದು ಮನಸ್ಸು ಒಪ್ಪುತ್ತದೆ. ಅದಕ್ಕಿಂತ ತೀರಾ ತಡವಾದರೆ ನಾವು ಇನ್ನೊಮ್ಮೆ ಒತ್ತುತ್ತೇವೆ. ಎರಡನೇ ಒತ್ತಿಗೆ ಯಂತ್ರ ಆರುತ್ತದೆ. ‘ಅಮ್ಮ ಎರಡೆರಡು ಸಲ ಒತ್ತುತ್ತಾರೆ’ ಎಂದು ಗದರಿಸುವ ಮುಂಚೆ ಇದನ್ನು ನೋಡಿ. ಬೀಪ್ ಸದ್ದನ್ನು ಯಾರಾದರೂ ಆರಿಸಿಟ್ಟಿದ್ದರೆ ಮತ್ತೆ ಹಾಕಿ.

ಪ್ರಶ್ನೆ: ಡಿಸೈನ್ ವಿದ್ಯಾರ್ಥಿ ನಾನು. ನೀರು ಕುಡಿಯಲು ನೆನಪಿಸುವ ಸ್ಮಾರ್ಟ್ ಬಾಟಲಿ ನನ್ನ ಪ್ರಾಜೆಕ್ಟ್. ಸೆನ್ಸರ್ ಇದೆ, ಆ್ಯಪ್ ಇದೆ, ಫೋನಿಗೆ ಸಂದೇಶ ಬರುತ್ತದೆ. ‘ಇದರಲ್ಲಿ ಹೊಸದೇನಿದೆ?’ ಎಂದು ಗೈಡ್ ಕೇಳಿದರು. ಬೇಸರವಾಯಿತು.

ಉತ್ತರ: ಬೇಸರ ಮುಗಿದ ಮೇಲೆ ಓದಿ. ಕಣ್ಣೆದುರೇ ಕೂತಿರುವ ಬಾಟಲಿಯನ್ನು ಮರೆಯುವವನು ಫೋನಿನ ನೂರೊಂದನೇ ಸಂದೇಶವನ್ನು ಮರೆಯಲಾರನೇ? ಮೇಲಿಂದ ಬಾಟಲಿಯನ್ನು ಚಾರ್ಜ್ ಮಾಡುವ ಹೊಸ ಕೆಲಸವೊಂದನ್ನು ಬೇರೆ ಅವನ ತಲೆಗೆ ಕಟ್ಟಿದ್ದೀರಿ.

1992ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ನಿಮ್ಮಂತೆಯೇ ವಿದ್ಯಾರ್ಥಿಯಾಗಿದ್ದ ಡರೆಲ್ ಬಿಷಪ್ ಒಂದು ಆನ್ಸರಿಂಗ್ ಮೆಷಿನ್ (ನಾವಿಲ್ಲದಾಗ ಬಂದ ಕರೆಯ ಸಂದೇಶ ಹಿಡಿದಿಡುವ ಯಂತ್ರ) ಕಲ್ಪಿಸಿಕೊಂಡರು. ಯಾರಾದರೂ ಫೋನ್ ಮಾಡಿ ಸಂದೇಶ ಬಿಟ್ಟರೆ ಯಂತ್ರದಿಂದ ಒಂದು ಗೋಲಿ ಉರುಳಿ ಬರುತ್ತದೆ. ಬಂದ ಗೋಲಿಗಳೆಷ್ಟೋ ಸಂದೇಶಗಳಷ್ಟು, ದೂರದಿಂದಲೇ ಎಣಿಸಬಹುದು. ಗೋಲಿಯನ್ನು ಒಂದು ಕುಳಿಯಲ್ಲಿಟ್ಟರೆ ಸಂದೇಶ ಕೇಳಿಸುತ್ತದೆ. ಫೋನಿನ ಮೇಲಿಟ್ಟರೆ ಆ ಕರೆ ಮಾಡಿದವರಿಗೇ ವಾಪಸ್ ಕರೆ ಹೋಗುತ್ತದೆ. ಸಂದೇಶ ಮನೆಯ ಬೇರೊಬ್ಬರದಾದರೆ ಅವರ ಬಟ್ಟಲಿಗೆ ಹಾಕಿಟ್ಟರಾಯಿತು. ಮೆನು ಇಲ್ಲ, ಪರದೆ ಇಲ್ಲ, ಓದಬೇಕಾದ ಒಂದಕ್ಷರವೂ ಇಲ್ಲ. ಅದು ಅಂಗಡಿಯ ಮಾಲಾಗಲಿಲ್ಲ, ಆದರೂ ಇಂಟರಾಕ್ಷನ್ ಡಿಸೈನ್ (ಮನುಷ್ಯ ಯಂತ್ರದ ಜತೆ ವ್ಯವಹರಿಸುವ ಬಗೆಯ ವಿನ್ಯಾಸ) ಪಾಠದಲ್ಲಿ ಇವತ್ತಿಗೂ ಅದರ ಮಾತು ಬರುತ್ತದೆ. ಸೆನ್ಸರ್ ಬೇಡ ಎಂದು ನಾನು ಹೇಳುತ್ತಿಲ್ಲ, ಆ ಗೋಲಿಯೊಳಗೂ ಎಲೆಕ್ಟ್ರಾನಿಕ್ಸ್ ಬೇಕೇ ಬೇಕು. ಅದು ಕೈಗೆ ಅರ್ಥವಾಗುವ ಹಾಗೆ ಹೊರಗೆ ಬಂದಿತ್ತು, ಅಷ್ಟೇ ವ್ಯತ್ಯಾಸ.

ನನ್ನದೊಂದು ಹುಚ್ಚು ಇದೆ. ಜನ ವಸ್ತುಗಳಿಗೆ ಹಚ್ಚಿಕೊಂಡ ತೇಪೆಗಳ ಫೋಟೊ ತೆಗೆಯುತ್ತೇನೆ. ರಿಮೋಟಿನ ಬೇಡದ ಬಟನ್‌ಗಳ ಮೇಲೆ ಅಂಟಿಸಿದ ಟೇಪು, ಚಾರ್ಜರ್ ವೈರಿಗೆ ಕಟ್ಟಿದ ಬಣ್ಣದ ದಾರ, ಬಾಗಿಲ ಮೇಲೆ ಕೈಬರಹದ ‘ಎಳೆಯಿರಿ’. (ಮೇಲಿನ ನೇಲ್ ಪಾಲಿಶ್ ಚುಕ್ಕೆಯ ಫೋಟೊ ಸಿಕ್ಕರೆ ದಯವಿಟ್ಟು ಕಳಿಸಿ.) ಈ ಸಂಗ್ರಹದಲ್ಲಿ ಬಾಟಲಿಯೂ ಒಂದಿದೆ. ಅದರ ಒಡತಿ ಬೆಳಿಗ್ಗೆ ಕತ್ತಿನ ಹತ್ತಿರ ನಾಲ್ಕು ರಬ್ಬರ್ ಬ್ಯಾಂಡ್ ಹಾಕಿ, ಒಂದೊಂದು ಸಲ ಖಾಲಿಯಾದಾಗಲೂ ಒಂದನ್ನು ತಳಕ್ಕೆ ಇಳಿಸುತ್ತಾರೆ. ಸಂಜೆಗೆ ಲೆಕ್ಕ ಕಣ್ಣೆದುರಿಗೆ. ನಿಮ್ಮ ಪ್ರಾಜೆಕ್ಟ್ ಅಲ್ಲಿಂದ ಶುರುವಾಗಬೇಕಿತ್ತು. ಎರಡು ವಾರ ಆ್ಯಪ್ ಪಕ್ಕಕ್ಕಿಟ್ಟು, ನೀರು ಕುಡಿಯಲು ನಿಜಕ್ಕೂ ಮರೆಯುವ ಹತ್ತು ಜನರ ಮೇಜು ನೋಡಿ ಬನ್ನಿ.

ಪ್ರಶ್ನೆ: ಕ್ಯಾಲ್ಕುಲೇಟರ್‌ನಲ್ಲಿ 7, 8, 9 ಮೇಲಿನ ಸಾಲಿನಲ್ಲಿ, ಫೋನಿನಲ್ಲಿ 1, 2, 3. ಯಾರ ಜಗಳ ಇದು?

ಉತ್ತರ: ಜಗಳವಲ್ಲ, ಎರಡು ಮನೆತನ. ಕೂಡುವ ಯಂತ್ರಗಳಲ್ಲಿ ಸಣ್ಣ ಅಂಕಿ ಕೆಳಗಿರುತ್ತಿತ್ತು, ಕ್ಯಾಲ್ಕುಲೇಟರ್ ಅದೇ ವಂಶ. ಬಟನ್ ಫೋನ್ ಮಾಡಹೊರಟ ಅಮೆರಿಕದ ಟೆಲಿಫೋನ್ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್ ಹಲವು ಜೋಡಣೆಗಳನ್ನು ಜನರ ಕೈಗೆ ಕೊಟ್ಟು ಪರೀಕ್ಷಿಸಿತು, ಫಲಿತಾಂಶ 1960ರಲ್ಲಿ ಪ್ರಕಟವಾಯಿತು. ತಮಾಷೆಯೆಂದರೆ ಚೆನ್ನಾಗಿ ಬಂದ ಜೋಡಣೆಗಳ ನಡುವೆ ವೇಗದಲ್ಲಾಗಲಿ ತಪ್ಪಿನಲ್ಲಾಗಲಿ ಅಂತರ ಅಲ್ಪ. 1963ರಲ್ಲಿ ಫೋನ್ 1ರಿಂದ ಶುರುವಾಗುವ ರೂಪದಲ್ಲಿ ಬಂತು. ಈಗ ಎರಡೂ ಒಂದೇ ಮೊಬೈಲಿನೊಳಗೆ ಪಕ್ಕಪಕ್ಕ ಸಂಸಾರ ಮಾಡುತ್ತಿವೆ.

ಪ್ರಶ್ನೆ: ಅಪ್ಪನಿಗೆ ಕೈ ನಡುಕ, ಗಂಟುಗಳಲ್ಲಿ ನೋವು. ‘ಹಿರಿಯರಿಗಾಗಿ’ ಎಂದು ಬರೆದ ಸಾಮಾನು ತಂದರೆ ಮುಟ್ಟುವುದಿಲ್ಲ. ಹಠವೋ, ಅಭಿಮಾನವೋ?

ಉತ್ತರ: ಅಭಿಮಾನ. ನಾನಾದರೂ ಮುಟ್ಟುತ್ತಿರಲಿಲ್ಲ. ಎದುರಿಗೆ ಇಟ್ಟರೆ ‘ನಿನಗೆ ವಯಸ್ಸಾಯಿತು’ ಎಂದು ದಿನಕ್ಕೆ ಹತ್ತು ಸಲ ಹೇಳುವ ವಸ್ತು ಯಾರಿಗೆ ಬೇಕು?

ಸ್ಯಾಮ್ ಫಾರ್ಬರ್ ಎಂಬ ಉದ್ಯಮಿಯ ಹೆಂಡತಿ ಬೆಟ್ಸಿಗೆ ಕೈಯಲ್ಲಿ ಸಂಧಿವಾತ. ಸಿಪ್ಪೆ ಹೆರೆಯುವ ಉಪಕರಣದ ತೆಳು ತಗಡಿನ ಹಿಡಿ ಆಕೆಯ ಕೈಗೆ ಒತ್ತುತ್ತಿತ್ತು. ಆತ ಸ್ಮಾರ್ಟ್ ಡಿಸೈನ್ ಎಂಬ ವಿನ್ಯಾಸ ಸಂಸ್ಥೆಯ ಜತೆ ಸೇರಿ ದಪ್ಪನೆಯ ಮೆತ್ತಗಿನ ರಬ್ಬರ್ ಹಿಡಿ ಮಾಡಿಸಿದರು. ಹೆಬ್ಬೆರಳು ಕೂರುವ ಕಡೆ ಬಾಗುವ ತೆಳು ರಬ್ಬರ್ ಎಸಳುಗಳಿದ್ದವು, ಒದ್ದೆ ಕೈಯಲ್ಲೂ ಜಾರದು. 1990ರಲ್ಲಿ ಆಕ್ಸೊ ಗುಡ್ ಗ್ರಿಪ್ಸ್ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದಾಗ ‘ರೋಗಿಗಳಿಗಾಗಿ’ ಎಂಬ ಹಣೆಪಟ್ಟಿ ಇರಲಿಲ್ಲ. ನೋವಿಲ್ಲದವರೂ ಕೊಂಡರು, ನೋವಿದ್ದವರು ತಲೆ ತಗ್ಗಿಸದೆ ಕೊಂಡರು.

ಅಂಗಡಿಯಲ್ಲಿ ಹಣೆಪಟ್ಟಿ ಓದಬೇಡಿ, ಹಿಡಿ ನೋಡಿ. ಬೆರಳ ತುದಿಯಲ್ಲಿ ಚಿವುಟಿ ಹಿಡಿಯಬೇಕಾದ ವಸ್ತು ಬೇಡ, ಅಂಗೈ ತುಂಬ ಹಿಡಿಯುವಂಥದ್ದು ಬೇಕು. ತಿರುಗಿಸುವುದಕ್ಕಿಂತ ಒತ್ತುವುದು, ಗುಂಡು ಹಿಡಿಗಿಂತ ಉದ್ದ ಹಿಡಿ. ಇಡೀ ಮನೆಗೆಂದು ಅದೇ ಒಂದನ್ನು ತನ್ನಿ, ಹಳೆಯದನ್ನು ಸದ್ದಿಲ್ಲದೆ ಒಳಗಿಡಿ. ಅಪ್ಪನಿಗೆ ಏನೂ ಹೇಳಬೇಡಿ.

ಪ್ರಶ್ನೆ: ನೀವು ಯಾವಾಗಲೂ ವಿನ್ಯಾಸಕರನ್ನೇ ದೂರುತ್ತೀರಿ. ನಮ್ಮ ಯಜಮಾನರು ಹತ್ತು ವರ್ಷದಿಂದ ಅದೇ ನಾಲ್ಕು ಬರ್ನರ್ ಒಲೆಯಲ್ಲಿ ತಪ್ಪು ನಾಬ್ ತಿರುಗಿಸುತ್ತಾರೆ. ಇದೂ ವಿನ್ಯಾಸದ ತಪ್ಪೇ?

ಉತ್ತರ: ಕ್ಷಮಿಸಿ, ಈ ಸಲ ನಾನು ನಿಮ್ಮ ಯಜಮಾನರ ಪಕ್ಷ. ಬರ್ನರ್‌ಗಳು ಚೌಕವಾಗಿ, ನಾಬ್‌ಗಳು ಒಂದೇ ಸಾಲಾಗಿ ಇದ್ದರೆ ಎಡಗಡೆಯ ಎರಡರಲ್ಲಿ ಯಾವುದು ಹಿಂದಿನದು, ಯಾವುದು ಮುಂದಿನದು? ಕೈಗೆ ಸುಳಿವೇ ಇಲ್ಲ, ಪ್ರತಿ ಸಲವೂ ಜ್ಞಾಪಕದಿಂದಲೇ ತೆಗೆಯಬೇಕು. 1959ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಆಲ್ಫೋನ್ಸ್ ಚಪಾನಿಸ್ ಮತ್ತು ಅವರ ಜತೆಗಾರ ಲಿಂಡೆನ್‌ಬಾಮ್ ಇದನ್ನೇ ಪರೀಕ್ಷೆ ಮಾಡಿದರು. ಹಿಂದಿನ ಬರ್ನರ್‌ಗಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ನಾಬ್‌ಗಳ ಕ್ರಮವೂ ಬರ್ನರ್‌ಗಳ ಕ್ರಮವೂ ಎಡದಿಂದ ಬಲಕ್ಕೆ ಒಂದೇ ಆಗುವಂತೆ ಜೋಡಿಸಿದಾಗ ತಪ್ಪು ಸೊನ್ನೆಗಿಳಿಯಿತು. ಚೌಕದ ಜೋಡಣೆಗಳಲ್ಲಿ ಜನ ತಪ್ಪುತ್ತಲೇ ಇದ್ದರು.

ಚಪಾನಿಸ್‌ಗೆ ಈ ಅನುಮಾನ ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲೇ. ಬಿ-17 ಬಾಂಬರ್ ವಿಮಾನಗಳನ್ನು ಕ್ಷೇಮವಾಗಿ ಇಳಿಸಿದ ಪೈಲಟ್‌ಗಳು, ನೆಲದ ಮೇಲೆ ಓಡುತ್ತಿರುವಾಗ ರೆಕ್ಕೆಯ ಹಿಂಬದಿಯ ಫ್ಲಾಪ್ (ಇಳಿಯುವಾಗ ಚಾಚುವ ಹಲಗೆ) ಮಡಿಸುವ ಬದಲು ಚಕ್ರಗಳನ್ನೇ ಮಡಿಸಿಬಿಡುತ್ತಿದ್ದರು. ಪೈಲಟ್‌ನ ತಪ್ಪು ಎಂದು ಷರಾ ಬೀಳುತ್ತಿತ್ತು. ಚಪಾನಿಸ್ ಕಾಕ್‌ಪಿಟ್ ನೋಡಿದರೆ, ಎರಡೂ ಸ್ವಿಚ್ಚು ಒಂದೇ ಆಕಾರ, ಅಕ್ಕಪಕ್ಕ. ಒಂದಕ್ಕೆ ಪುಟ್ಟ ರಬ್ಬರ್ ಚಕ್ರ, ಇನ್ನೊಂದಕ್ಕೆ ಫ್ಲಾಪಿನಂಥ ತುಂಡು ಅಂಟಿಸಿದರೆ ಸಾಕಿತ್ತು, ಕೈಯೇ ವ್ಯತ್ಯಾಸ ಹೇಳುತ್ತಿತ್ತು. ಪ್ರಯಾಣಿಕ ವಿಮಾನಗಳಲ್ಲಿ ಚಕ್ರ ಇಳಿಸುವ ಹಿಡಿಯ ತುದಿ ಇಂದಿಗೂ ಚಕ್ರದಾಕಾರವೇ. ನಾನು ಕಂಡ ತೇಪೆಗಳಲ್ಲೆಲ್ಲ ಅದೇ ದೊಡ್ಡದು.

ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ನಾನು ಮಾಡಿದ ಮೊದಲ ಪ್ಯಾನಲ್‌ನಲ್ಲಿ ಆರು ಬಟನ್, ಆರೂ ಒಂದೇ ಅಳತೆ, ಒಂದೇ ಬಣ್ಣ. ನೋಡಲು ಮುತ್ತು ಜೋಡಿಸಿದಂತಿತ್ತು, ನನಗೆ ಹೆಮ್ಮೆಯೋ ಹೆಮ್ಮೆ. ಬಳಸಿ ನೋಡಲೆಂದು ಕೊಟ್ಟ ಮನೆಯೊಂದಕ್ಕೆ ತಿಂಗಳ ಮೇಲೆ ಹೋದರೆ ಐದು ಬಟನ್ ಮೇಲೆ ಗಾಯಕ್ಕೆ ಹಾಕುವ ಪ್ಲಾಸ್ಟರ್ ಅಂಟಿಸಿದ್ದರು. ‘ನಮಗೆ ಬೇಕಾದ್ದು ಇದೊಂದೇ ಅಮ್ಮಾ, ಉಳಿದವು ಕೈಗೆ ಅಡ್ಡ ಬರುತ್ತಿದ್ದವು’ ಎಂದರು ಆ ಮನೆಯಾಕೆ, ಬೇಜಾರಿಲ್ಲದೆ. ನನ್ನ ಸಂಗ್ರಹದ ಮೊದಲ ಫೋಟೊ ಅದು.

ಯಜಮಾನರಿಗೆ ಸದ್ಯಕ್ಕೆ: ಹಿಂದಿನ ಬರ್ನರ್‌ಗಳ ಎರಡು ನಾಬ್‌ಗಳ ಮೇಲೆ ಶಾಖ ತಡೆಯುವ ಬಣ್ಣದಲ್ಲಿ ದೊಡ್ಡದೊಂದು ಗೆರೆ ಎಳೆದುಕೊಡಿ.

ಪ್ರಶ್ನೆ: ನಿಮ್ಮ ಸ್ವಂತ ಮೇಜಿನ ಮೇಲೆ ನಿಮಗೆ ಮೆಚ್ಚಿಗೆಯಾದ ವಸ್ತು ಯಾವುದು?

ಉತ್ತರ: ಸ್ಪ್ರಿಂಗ್ ತೋಳಿನ ದೀಪ. ವಾಹನಗಳ ಸಸ್ಪೆನ್ಷನ್ ಮೇಲೆ ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಇಂಜಿನಿಯರ್ ಜಾರ್ಜ್ ಕಾರ್ವರ್ಡೀನ್ 1932ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ವಿನ್ಯಾಸದ ಕುಲದ್ದು. ದೀಪದ ಭಾರವನ್ನು ಸ್ಪ್ರಿಂಗ್ ಹೊತ್ತುಕೊಳ್ಳುವುದರಿಂದ ಒಂದು ಬೆರಳಲ್ಲಿ ತಳ್ಳಿದರೆ ಬರುತ್ತದೆ, ಬಿಟ್ಟಲ್ಲೇ ನಿಲ್ಲುತ್ತದೆ. ತಿರುಪು ಬಿಗಿಯುವ ರಗಳೆ ಇಲ್ಲ.

ನನ್ನ ಬಳಿ ಇರುವ ದೀಪದ ಸ್ವಿಚ್ಚು ಮಾತ್ರ ವೈರಿನ ನಡುವೆ ಎಲ್ಲೋ ಮೇಜಿನ ಹಿಂದೆ ನೇತಾಡುತ್ತದೆ, ಕತ್ತಲಲ್ಲಿ ಸಿಗುವುದಿಲ್ಲ. ಅದಕ್ಕೊಂದು ರಬ್ಬರ್ ಬ್ಯಾಂಡ್ ಸುತ್ತಿ ಮೇಜಿನ ಕಾಲಿಗೆ ಕಟ್ಟಿದ್ದೇನೆ.