ಖಾಲಿ ಜಾಗ ಜಾಸ್ತಿ ಇರುವ ಸರಳ ವೆಬ್‌ಸೈಟ್‌ಗಳು ಯಾಕೆ ಅಷ್ಟು ಇಷ್ಟವಾಗುತ್ತವೆ?

ಬೇಕಾದದ್ದು ಬೇಗ ಸಿಗುತ್ತದೆ, ಅಷ್ಟೇ. ಚೆಂದ ಆಮೇಲಿನ ಮಾತು. ಆಯ್ಕೆಗಳು ಹೆಚ್ಚಿದಷ್ಟೂ ತೀರ್ಮಾನಕ್ಕೆ ಹಿಡಿಯುವ ಸಮಯವೂ ಹೆಚ್ಚುತ್ತದೆ ಅಂತ ಮನಶ್ಶಾಸ್ತ್ರಜ್ಞ ವಿಲಿಯಂ ಹಿಕ್ 1952ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಪುಟದಲ್ಲಿ ಹತ್ತು ಬಟನ್ ಮಿನುಗುತ್ತಿದ್ದರೆ ಕಣ್ಣು ಒಂದೊಂದನ್ನೂ ನೋಡಿ ‘ಇದಲ್ಲ’ ಅಂತ ಬಿಡಬೇಕು, ಗೊತ್ತಾಗದೇ ಸುಸ್ತಾಗುತ್ತದೆ.

ಮೂಡಿಗೆರೆ ಕಡೆಯ ಒಂದು ಹೋಮ್‌ಸ್ಟೇ ವೆಬ್‌ಸೈಟ್ ಅಂದುಕೊಳ್ಳಿ. ತೆರೆದ ಕೂಡಲೇ ಓಡುವ ಅಕ್ಷರ, ತಾವಾಗೇ ಸರಿಯುವ ಮುಳ್ಳಯ್ಯನಗಿರಿಯ ಎಂಟು ಫೋಟೊ, ಅದರ ಮೇಲೊಂದು ‘ಆಫರ್’ ಕಿಟಕಿ. ಬಂದವರಿಗೆ ಬೇಕಿದ್ದದ್ದು ಬಾಡಿಗೆ, ದಾರಿ, ಫೋನ್ ನಂಬರ್, ಅಲ್ವಾ? ಜೊತೆಗೆ ಘಟ್ಟದ ತಿರುವಿನಲ್ಲಿ ಒಂದೇ ಕಡ್ಡಿ ಸಿಗ್ನಲ್ ಇರುವಾಗ ಆ ಫೋಟೊಗಳೆಲ್ಲ ಇಳಿಯುವಷ್ಟರಲ್ಲಿ ಅವರು ಪಕ್ಕದ ಹೋಮ್‌ಸ್ಟೇಗೆ ಕರೆ ಮಾಡಿರುತ್ತಾರೆ. ಒಂದೇ ಫೋಟೊ, ಸುತ್ತ ಖಾಲಿ ಜಾಗ, ಕೆಳಗೆ ದೊಡ್ಡದಾಗಿ ‘ಕರೆ ಮಾಡಿ’ ಬಟನ್ ಇದ್ದರೆ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ, ಬೇರೆ ಕಡೆ ಎಳೆಯಲು ಏನೂ ಇರುವುದಿಲ್ಲವಲ್ಲ.

ಹಾಗಂತ ಸುಮ್ನೆ ಎಲ್ಲ ಕಿತ್ತುಹಾಕಿದರೂ ಕಷ್ಟ. ಮೆನುವನ್ನು ಮೂರು ಗೆರೆಯ ಗುರುತಿನೊಳಗೆ ಬಚ್ಚಿಟ್ಟು ತಿಳಿಬೂದು ಅಕ್ಷರ ಹಾಕಿದ ಸೈಟುಗಳನ್ನು ನಾನಂತೂ ಸರಳ ಅನ್ನುವುದಿಲ್ಲ. ಬಿಸಿಲಲ್ಲಿ ಮೊಬೈಲ್ ಹಿಡಿದು ಓದಿ ನೋಡಿ.